ಅರ್ಧಗಂಟೆ ಆಂಥನ್

ಎಪ್ಪತ್ತಮೂರನೆಯ ಹಾಳೆಯ ಮೇಲೆ ಮಸಿ ಎಳೆಯುವಾಗ ನೆಲ್ಡಾಳ ಪೆನ್ನು ನಿಂತುಹೋಯಿತು. ಅದನ್ನು ಜಾಡಿಸಿ, ಹಾಳೆಯ ಅಂಚಿನಲ್ಲಿ ಗೀಚಿ ನೋಡಿ, ಮತ್ತೆ ಎಳೆದಳು. ಇನ್ನೂ ಅರ್ಧದಷ್ಟು ಹಾಳೆಗಳು ಬಾಕಿ ಇದ್ದವು. ಪ್ರತಿಯೊಂದರ ಮೇಲೂ ಅವಳ ಅಪ್ಪನ ಫೋಟೊ, ಕೆಳಗೆ ಹುಟ್ಟಿದ ದಿನ, ತೀರಿಕೊಂಡ ದಿನ, ಇವತ್ತಿನ ಪ್ರಾರ್ಥನೆ ಹಾಡುಗಳ ಪಟ್ಟಿ. ಫೋಟೊದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ: ಆಂಥನ್ ‘ಅರ್ಧಗಂಟೆ’ ಲಾರಿಟ್ಸನ್. ಅವಳು ಹೊಡೆದುಹಾಕುತ್ತಿದ್ದದ್ದು ನಡುವಿನ ಆ ಒಂದು ಮಾತನ್ನು.

“ಬಿಡೇ, ಸಾಕು,” ಎಂದಳು ಲಾರೂ. ಅವಳು ಊರಿನ ಚರ್ಚಿನ ಹೆಂಗಸರ ಸಂಘದ ಅಧ್ಯಕ್ಷೆ. ನೆಲ್ಡಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಬೆಳಗ್ಗೆ ಏಳರಿಂದ ಚರ್ಚಿನ ಅಡುಗೆಮನೆಯಲ್ಲಿ ನಿಂತು, ಮಣ್ಣು ಮಾಡಿದ ನಂತರದ ಊಟಕ್ಕೆ ಆಲೂಗಡ್ಡೆ ತುರಿಯುತ್ತಿದ್ದಳು. “ಪೇಪರಿನಲ್ಲಿ ಬರೀ ಆಂಥನ್ ಲಾರಿಟ್ಸನ್ ಅಂತ ಹಾಕಿಸಿದ್ಯಲ್ಲ, ಏನಾಯ್ತು ಗೊತ್ತಾ? ಮೂರು ಜನ ಸಾವಿನ ಮನೆಗೆ ಅಂತ ಕೇಕು ಹಿಡ್ಕೊಂಡು ಗಿರಣಿ ಆಂಥನ್ ಮನೆಗೆ ಹೋಗಿದಾರೆ. ಬಾಗಿಲು ತೆಗೆದದ್ದು ಗಿರಣಿ ಆಂಥನೇ.”

“ಆಮೇಲೆ?”

“ಆಮೇಲೇನು, ಕೇಕು ಇಸ್ಕೊಂಡ.”

ನೆಲ್ಡಾ ನಗಲಿಲ್ಲ. ಸೀಡರ್‌ಬೆಂಚ್ ಊರಿನ ತುಂಬ ಡೆನ್ಮಾರ್ಕಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ. ನಾಲ್ಕೈದು ಮನೆತನ, ಅವರವರಲ್ಲೇ ಸುತ್ತುವ ಹತ್ತು ಹನ್ನೆರಡು ಹೆಸರು. ಅಡ್ಡಹೆಸರಿಲ್ಲದಿದ್ದರೆ ಟಪಾಲಿನವನೂ ದಾರಿ ತಪ್ಪುತ್ತಿದ್ದ. ಗಿರಣಿ ಆಂಥನ್, ದಪ್ಪ ಆಂಥನ್, ಅರ್ಧಗಂಟೆ ಆಂಥನ್. ಮೊದಲಿನ ಎರಡಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಮೂರನೆಯದಕ್ಕೆ ಮನೆಗೊಂದು ಕಾರಣವಿತ್ತು.

“ನಿಮ್ಮಪ್ಪ ಭಾನುವಾರ ಅರ್ಧ ಗಂಟೆ ತಡ ಮಾಡಿ ಬರ್ತಿದ್ರಲ್ಲ, ಹಾಲು ಕರೆದು ಮುಗಿಸಿ, ಅದಕ್ಕೇ ಆ ಹೆಸರು,” ಎಂದಳು ಲಾರೂ.

“ಊರಿನಲ್ಲಿ ಹಸು ಇದ್ದೋರೆಲ್ಲ ತಡವಾಗೇ ಬರ್ತಿದ್ರು.”

“ಅಲ್ಲ ಸಿಸ್ಟರ್,” ಎನ್ನುತ್ತ ಬಿಷಪ್ ಸ್ಟೀಡ್ ಒಳಗೆ ಬಂದರು. ನಲವತ್ತು ತುಂಬದ ಮನುಷ್ಯ. ಅವರ ಪಂಥದಲ್ಲಿ ಬಿಷಪ್ ಎಂದರೆ ಸಂಬಳವಿಲ್ಲದೆ ಚರ್ಚು ನೋಡಿಕೊಳ್ಳುವ ಊರಿನವನೇ, ಎಲ್ಲರೂ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್. ವಾರದ ದಿನಗಳಲ್ಲಿ ಟೈರು ಅಂಗಡಿ ನಡೆಸುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯ ಕರಿ ಹೋಗುತ್ತಿರಲಿಲ್ಲ. “ನಮ್ಮಜ್ಜಿ ಹೇಳ್ತಿದ್ರು. ಸಾವಿರದ ಒಂಬೈನೂರ ಹದಿನೆಂಟರ ಮಾರಿಜ್ವರದಲ್ಲಿ ಬ್ರದರ್ ಆಂಥನ್ ಅರ್ಧ ಗಂಟೆ ಸತ್ತೇ ಹೋಗಿದ್ರಂತೆ. ಕಣ್ಣು ಮುಚ್ಚಿ, ಮುಖಕ್ಕೆ ಬಟ್ಟೆನೂ ಹಾಕಿದ್ರಂತೆ. ಆಮೇಲೆ ಎದ್ದು ಕೂತ್ರು. ಆ ಕಡೆ ಏನ್ ನೋಡಿದ್ಯಪ್ಪಾ ಅಂತ ಎಲ್ಲರೂ ಮುತ್ಕೊಂಡ್ರೆ, ‘ಅಲ್ಲೂ ಕಾ-ಕಾಲುವೆ ತೋಡ್ತಿದಾರೆ’ ಅಂದ್ರಂತೆ.”

ಲಾರೂ ತುರಿಮಣೆ ಬಿಟ್ಟು ಕಣ್ಣೊರೆಸಿಕೊಂಡು ನಕ್ಕಳು. ಬಿಷಪ್ ಕೂಡ ನಕ್ಕು, ನೆಲ್ಡಾಳ ಮುಖ ನೋಡಿ ನಿಲ್ಲಿಸಿದರು.

“ತಪ್ಪು ತಿಳ್ಕೋಬೇಡಿ. ಅಚ್ಚು ಹಾಕಿಸಿದ್ದು ನನ್ನ ಹೆಂಡ್ತಿ. ಜನಕ್ಕೆ ಗುರುತಾಗ್ಲಿ ಅಂತ.”

“ಪರವಾಗಿಲ್ಲ ಬಿಷಪ್. ಇನ್ನರ್ಧ ಇದೆ, ಮುಗಿದುಹೋಗುತ್ತೆ.”

“ನಿಮಗೆ ಹತ್ತು ನಿಮಿಷ ಇಟ್ಟಿದೀನಿ. ಅಪ್ಪನ ಬದುಕಿನ ಬಗ್ಗೆ. ಕತೆಗಿತೆ ಜಾಸ್ತಿ ಬೇಡ, ಚರ್ಚಿನ ಮೇಲಿನೋರು ಹೇಳ್ತಾನೇ ಇರ್ತಾರೆ, ಸಾವಿನ ದಿನ ದೇವರ ಮಾತು ಇರ್ಲಿ ಅಂತ.”

“ನನ್ನ ಹತ್ರ ಕತೆ ಏನೂ ಇಲ್ಲ,” ಎಂದಳು ನೆಲ್ಡಾ. ಅದು ನಿಜವೂ ಆಗಿತ್ತು. ಅವಳ ಕೈಚೀಲದಲ್ಲಿದ್ದ ಎರಡು ಪುಟದಲ್ಲಿ ಅಪ್ಪ ಹುಟ್ಟಿದ್ದು, ಮದುವೆಯಾದದ್ದು, ಚರ್ಚಿನಲ್ಲಿ ಮಾಡಿದ ಸೇವೆಗಳು, ಊರಿಗೆ ನೀರು ಹಂಚುವ ಕಾಲುವೆ ಕಂಪನಿಯಲ್ಲಿ ಹನ್ನೆರಡು ವರ್ಷ ಇದ್ದದ್ದು, ಎಲ್ಲ ಇಸವಿಯ ಸಮೇತ ಇತ್ತು. ಆಗ್ಡೆನ್ ಪಟ್ಟಣದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಬರವಣಿಗೆ ಅಚ್ಚುಕಟ್ಟಾಗಿತ್ತು.

*

ನೆಲ್ಡಾಳಿಗೆ ಆ ಹೆಸರಿನ ಕಾರಣ ಹತ್ತನೆಯ ವಯಸ್ಸಿನಿಂದಲೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು.

ಒಂದು ಭಾನುವಾರ ಆಗಿನ ಬಿಷಪ್ಪರು ಮುಕ್ತಾಯದ ಪ್ರಾರ್ಥನೆಗೆ ಅಪ್ಪನನ್ನು ಕರೆದರು. ಅಪ್ಪನಿಗೆ ಮಾತು ತೊದಲುತ್ತಿತ್ತು. ಹಸುವಿನ ಹತ್ತಿರ, ಕುದುರೆಯ ಹತ್ತಿರ ಆಡುವಾಗ ತೊದಲು ಇರುತ್ತಿರಲಿಲ್ಲ. ನಾಲ್ಕು ಜನ ಕೂಡಿದರೆ ಬಂದುಬಿಡುತ್ತಿತ್ತು. ಆವತ್ತು ‘ಪರಲೋಕದ ತಂದೆಯೇ’ ಎನ್ನುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದ್ದರು. ನೆಲ್ಡಾ ಮುಚ್ಚಿರಲಿಲ್ಲ. ಕೊನೆಯ ಬೆಂಚಿನಲ್ಲಿ ಇಬ್ಬರು ಗಂಡಸರು ಜೇಬಿನ ಗಡಿಯಾರ ತೆಗೆದು ನಡುವೆ ಹಿಡಿದುಕೊಂಡು, ಹೆಗಲು ಕುಣಿಸುತ್ತ ಸದ್ದಿಲ್ಲದೆ ನಗುತ್ತಿದ್ದರು.

ಮನೆಗೆ ನಡೆಯುವಾಗ ಅವಳು ಕೇಳಿದಳು: “ಅವರು ಕರೆದಾಗ ಆಗಲ್ಲ ಅನ್ನಬಾರದಾ ಅಪ್ಪ?”

“ಯಾ-ಯಾಕೆ? ದೇವರಿಗೇನೂ ಆತುರ ಇಲ್ಲ.”

ಮರುದಿನ ಶಾಲೆಯಲ್ಲಿ ಒಬ್ಬಳು ಹುಡುಗಿ “ಅರ್ಧಗಂಟೆ ಮಗಳು” ಎಂದಾಗ ನೆಲ್ಡಾ ಅವಳ ಜಡೆ ಹಿಡಿದು ಎಳೆದು, ಕೈಗೆ ಬಂದ ಕೂದಲಿನ ಸಮೇತ ಮೇಷ್ಟರ ಮುಂದೆ ನಿಂತಳು. ಆ ಹುಡುಗಿ ಲಾರೂ. ಹದಿನೆಂಟಕ್ಕೆ ನೆಲ್ಡಾ ಊರು ಬಿಟ್ಟಳು. ತಮ್ಮ ರೂಲನ್ ಅಪ್ಪನ ಜೊತೆ ಬೇಸಾಯಕ್ಕೆ ಉಳಿದ.

*

ಹತ್ತು ಗಂಟೆಗೆ ಜನ ಬರತೊಡಗಿದರು. ಹೆಂಗಸರ ಸಂಘದ ಕೋಣೆಯಲ್ಲಿ ಶವದ ಪೆಟ್ಟಿಗೆ ಇಟ್ಟಿದ್ದರು. ಆಂಥನ್ ಅವರ ಪಂಥದ ದೇವಾಲಯಕ್ಕೆ ಹೋಗುವಾಗ ಉಡುವ ಬಿಳಿ ಉಡುಪಿನಲ್ಲಿ ಮಲಗಿದ್ದ. ಎಂಬತ್ತೆಂಟು ವರ್ಷದ ಕೈಗಳು ಹೊಟ್ಟೆಯ ಮೇಲೆ. ಅವಕ್ಕೆ ಮಾತ್ರ ಆ ಬಿಳುಪು ಹೊಂದುತ್ತಿರಲಿಲ್ಲ. ಪಕ್ಕದಲ್ಲಿ ನೆಲ್ಡಾ, ಆಮೇಲೆ ರೂಲನ್ ನಿಂತು ಬಂದವರ ಕೈ ಕುಲುಕುತ್ತಿದ್ದರು.

ಬಂದವರೆಲ್ಲ ಒಂದೊಂದು ಹೇಳಿಹೋದರು. ಮದುವೆಗೆ ಮುಂಚೆ ಆಂಥನ್ ಹುಡುಗಿಯ ಮನೆಯ ಬೇಲಿಯ ಹತ್ತಿರ ಅರ್ಧ ಗಂಟೆ ಮಾತಿಲ್ಲದೆ ನಿಂತು, ಕೊನೆಗೆ ಅವಳೇ “ಹೂಂ, ಆಗಬಹುದು” ಅಂದಳಂತೆ. ಸಾಯುತ್ತಿದ್ದ ಕುದುರೆಯ ತಲೆಗೆ ಪವಿತ್ರ ಎಣ್ಣೆ ಹಚ್ಚಿ ಅರ್ಧ ಗಂಟೆ ಪ್ರಾರ್ಥಿಸಿದನಂತೆ, ಕುದುರೆ ಬೇಜಾರಾಗಿ ಎದ್ದು ನಿಂತಿತಂತೆ. ನೆಲ್ಡಾ ಪ್ರತಿಯೊಬ್ಬರಿಗೂ “ಬಂದದ್ದು ಸಂತೋಷ” ಎಂದಳು.

ಸಾಲಿನ ಕೊನೆಯಲ್ಲಿ ಟೊಮಿನಾ ಬೆಕ್ ಬಂದಳು. ಎಂಬತ್ತೊಂದರ ಮುದುಕಿ, ಕುಗ್ಗಿದ ಬೆನ್ನು, ಕೈಯಲ್ಲಿ ಕೋಲು. ಮದುವೆಯಾದವಳಲ್ಲ. ಊರಿನವರ ಬಾಯಲ್ಲಿ ಕೆಳಮನೆ ಟೊಮಿನಾ. ನೆಲ್ಡಾಳ ಮುತ್ತಜ್ಜ ಲಾರ್ಸ್ ಲಾರಿಟ್ಸನ್‌ಗೆ, ಆ ಕಾಲದಲ್ಲಿ ಅವರ ಪಂಥದ ಬಹಳ ಜನಕ್ಕೆ ಇದ್ದಂತೆ, ಇಬ್ಬರು ಹೆಂಡಿರು. ದಿಬ್ಬದ ಮೇಲೆ ಮೇಲ್ಮನೆಯಲ್ಲಿ ಕರೆನ್; ಕಾಲುವೆಯ ಕೆಳಗೆ ಕೆಳಮನೆಯಲ್ಲಿ ಸಿನಾ, ಟೊಮಿನಾಳ ತಾಯಿ. ಸರ್ಕಾರದವರು ಎರಡು ಮದುವೆಯಾದವರನ್ನು ಹಿಡಿದು ಜೈಲಿಗೆ ಹಾಕುತ್ತಿದ್ದ ವರ್ಷಗಳಲ್ಲಿ ಸಿನಾ ತನ್ನ ಮಕ್ಕಳಿಗೆ ತವರಿನ ಹೆಸರು ಇಟ್ಟಳು, ಅದೇ ಉಳಿಯಿತು. ಮೇಲ್ಮನೆಯವರು ಲಾರಿಟ್ಸನ್, ಕೆಳಮನೆಯವರು ಬೆಕ್. ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಆಡದ ವಿಷಯ. ಮೇಲ್ಮನೆಯ ಯಾವ ಮದುವೆಗೂ ಸಾವಿಗೂ ಕೆಳಮನೆಯವರು ಬಂಧುಗಳ ಬೆಂಚಿನಲ್ಲಿ ಕೂತದ್ದಿಲ್ಲ.

ಟೊಮಿನಾ ಪೆಟ್ಟಿಗೆಯ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು.

“ಇದಕ್ಯಾಕೆ ಮಸಿ ಬಳಿದಿದೀಯ?”

“ಅದು... ಅಡ್ಡಹೆಸರು ಸಿಸ್ಟರ್ ಬೆಕ್. ಇವತ್ತು ಚೆನ್ನಾಗಿರಲ್ಲ ಅಂತ.”

“ನಮ್ಮಮ್ಮ ಇಟ್ಟ ಹೆಸರು ಅದು.”

ನೆಲ್ಡಾಳಿಗೆ ಅರ್ಥವಾಗಲಿಲ್ಲ. “ಅಪ್ಪನಿಗೆ ಮಾತು ತೊದಲ್ತಿತ್ತಲ್ಲ, ಅದಕ್ಕೆ...”

“ತೊದಲಿದ್ರೆ ತೊದಲ ಅಂತಿದ್ರು. ಈ ಊರಿನೋರು ಅಷ್ಟು ಸುತ್ತಿ ಬಳಸಿ ಹೆಸರಿಡೋರಲ್ಲ.” ಮುದುಕಿ ಸುತ್ತ ನೋಡಿದಳು. “ನಿಂತು ಮಾತಾಡೋಕೆ ನನ್ ಕೈಲಿ ಆಗಲ್ಲ. ಕೂರೋಕೆ ಎಲ್ಲಾದ್ರೂ ಜಾಗ ಇದ್ಯಾ?”

ಎದುರಿನ ಕೋಣೆ ಭಾನುವಾರದ ಪಾಠದ್ದು. ಅಲ್ಲಿದ್ದದ್ದು ಚಿಕ್ಕ ಮಕ್ಕಳ ಕುರ್ಚಿಗಳು ಮಾತ್ರ. ಮೊಣಕಾಲು ಎದೆಗೆ ತಾಗುವಂತೆ ಇಬ್ಬರೂ ಅವುಗಳ ಮೇಲೆ ಕೂತರು.

“ಹೊಗಳೋಕೆ ಇಟ್ಟ ಹೆಸರಲ್ಲ,” ಎಂದಳು ಟೊಮಿನಾ. “ಅದನ್ನ ಮೊದಲೇ ಹೇಳ್ತೀನಿ.”

*

ಲಾರ್ಸ್ ಲಾರಿಟ್ಸನ್‌ಗೆ ಪ್ರತಿ ಗುರುವಾರ ಮಧ್ಯಾಹ್ನ ಮೂರರಿಂದ ಒಂಬತ್ತರವರೆಗೆ, ಆರು ಗಂಟೆ ಕಾಲುವೆ ನೀರಿನ ಸರದಿ ಇತ್ತು. ಆ ಕಣಿವೆಯಲ್ಲಿ ಭೂಮಿಗಿಂತ ನೀರಿನ ಸರದಿ ದೊಡ್ಡದು. ಲಾರ್ಸ್ ಸಾಯುವ ಮುಂಚೆ ಎರಡೂ ಮನೆಯವರನ್ನು ಕೂರಿಸಿಕೊಂಡು, ಮೇಲ್ಮನೆಗೆ ಮೂರು ಗಂಟೆ, ಕೆಳಮನೆಗೆ ಮೂರು ಗಂಟೆ ಎಂದ. ಬಾಯಿಮಾತಿನಲ್ಲಿ ಹೇಳಿದ. ಅದು ಸಾವಿರದ ಒಂಬೈನೂರ ಹನ್ನೊಂದು. ಕಾಗದದಲ್ಲಿ ಎರಡನೆಯ ಹೆಂಡತಿಯ ಹೆಸರು ಬರೆಯಿಸುವ ಕಾಲವಲ್ಲ. ಅವನು ಸತ್ತ ತಿಂಗಳಿಗೆ ಕರೆನ್‌ಳ ದೊಡ್ಡ ಮಗ ಪೀಡರ್ ಕಂಪನಿಗೆ ಹೋಗಿ ಆರೂ ಗಂಟೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಕೆಳಮನೆಗೆ ಹನ್ನೆರಡು ಎಕರೆ ಇತ್ತು. ನೀರಿಲ್ಲದ ಎಕರೆ ಯಾರಿಗೆ ಬೇಕು. ಸಿಕ್ಕ ಬೆಲೆಗೆ ಹೋಯಿತು. ಗಂಡುಮಕ್ಕಳು ಪಕ್ಕದ ರಾಜ್ಯ ಐಡಾಹೋದ ಕಡೆ ಹೊರಟುಹೋದರು. ಉಳಿದದ್ದು ಮನೆ, ಮನೆಯ ಹಿಂದಿನ ತೋಟದ ತುಂಡು, ಸಿನಾ, ಕೊನೆಯ ಮಗಳು ಟೊಮಿನಾ. ಹದಿನೈದು ವರ್ಷ ತಾಯಿ ಮಗಳು ಹಳ್ಳದಿಂದ ಬಕೆಟ್ಟಿನಲ್ಲಿ ನೀರು ಹೊತ್ತರು. ಕಾಲುವೆ ಅವರ ಬೇಲಿಯ ಪಕ್ಕದಲ್ಲೇ ಹರಿಯುತ್ತಿತ್ತು.

ಸಾವಿರದ ಒಂಬೈನೂರ ಇಪ್ಪತ್ತಾರರ ಚಳಿಗಾಲದಲ್ಲಿ ಪೀಡರ್ ಸತ್ತ. ಮೇ ತಿಂಗಳ ಮೊದಲ ಗುರುವಾರ ಅವನ ಮಗ ಆಂಥನ್ ಸಲಿಕೆ ಹಿಡಿದು ಕೆಳಮನೆಯ ಬೇಲಿಯ ಹತ್ತಿರ ಬಂದು ನಿಂತ. ಆಗ ಅವನಿಗೆ ಮೂವತ್ತಮೂರು. ಟೊಮಿನಾ ಸಂಬಂಧದಲ್ಲಿ ಅವನಿಗೆ ಅತ್ತೆ, ವಯಸ್ಸಿನಲ್ಲಿ ಅವನಿಗಿಂತ ಏಳು ವರ್ಷ ಚಿಕ್ಕವಳು.

ಸಿನಾ ಬಾಗಿಲಿಗೆ ಬಂದಳು. “ಏನು?”

ಆಂಥನ್ ಬಾಯಿ ತೆರೆದ. ಮಾತು ಬರಲಿಲ್ಲ. ಮತ್ತೆ ತೆರೆದ. ಕೊನೆಗೆ ಮಾತು ಬಿಟ್ಟು ತೂಬಿನ ಹಲಗೆ ಎತ್ತಿದ. ನೀರು ಕೆಳಮನೆಯ ತೋಟಕ್ಕೆ ಇಳಿಯಿತು. ಟೊಮಿನಾ ಗುದ್ದಲಿ ಹುಡುಕಿಕೊಂಡು ಓಡಿಬಂದು, ಇದ್ದಬದ್ದ ಸಾಲುಗಳಿಗೆ ತಿರುಗಿಸತೊಡಗಿದಳು. ಸಿನಾ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದಳು. ಮೂರನೆಯ ಸಾಲು ನೆನೆಯುತ್ತಿದ್ದ ಹಾಗೇ ಆಂಥನ್ ದಿಬ್ಬದ ಮೇಲಿನ ಮನೆಯ ಕಡೆ ನೋಡಿ, ಹಲಗೆ ಇಳಿಸಿಬಿಟ್ಟ.

“ಇಷ್ಟೇನಾ?” ಎಂದಳು ಸಿನಾ.

“ಅ-ಅಮ್ಮ ಮೂರೂವರೆಗೆ ನಿದ್ದೆಯಿಂದ ಏಳ್ತಾರೆ. ಎ-ಎದ್ದು ಕಿಟಕಿ ಹತ್ರ ಕೂರ್ತಾರೆ.”

ಸಿನಾ ಮರುದಿನ ಬೇಲಿಯಾಚೆಯ ಹೆಂಗಸಿಗೆ ಹೇಳಿದಳು: “ನಮ್ಮದು ಮೂರು ಗಂಟೆ. ಮೊಮ್ಮಗ ಧರ್ಮ ಮಾಡೋಕೆ ಬಂದಿದ್ದ. ಅರ್ಧಗಂಟೆ ಆಂಥನ್.” ಆ ಹೆಂಗಸು ಹೆಸರನ್ನು ಮಾತ್ರ ಊರಿಗೆ ಒಯ್ದಳು. ಕಾರಣವನ್ನು ಒಯ್ಯುವ ಧೈರ್ಯ ಅವಳಿಗೂ ಆಗಲಿಲ್ಲ. ಅವಳ ಗಂಡ ಕಾಲುವೆ ಕಂಪನಿಯಲ್ಲಿದ್ದ.

*

“ಮುಂದಿನ ಗುರುವಾರನೂ ಬಂದ,” ಎಂದಳು ಟೊಮಿನಾ. “ಅದರ ಮುಂದಿನ ಗುರುವಾರನೂ. ಐವತ್ತೈದು ಬೇಸಿಗೆ. ನಮ್ಮಮ್ಮ ಸತ್ಲು, ಅವನಮ್ಮ ಸತ್ರು, ಕಿಟಕಿ ಹತ್ರ ಯಾರೂ ಇರ್ಲಿಲ್ಲ. ಆದ್ರೂ ಅರ್ಧ ಗಂಟೆನೇ. ಒಂದು ಸಲ ಕೇಳಿಯೇಬಿಟ್ಟೆ. ಇನ್ನು ಯಾರ ಹೆದರಿಕೆನೋ ನಿನಗೆ, ಅಂದೆ.”

“ಏನಂದ್ರು?”

“‘ಮೂರು ಗಂಟೆ ಕೊಟ್ರೆ ಯಾಕೆ ಕೊಟ್ಟೆ ಅಂತ ಹೇಳ್ಬೇಕಾಗತ್ತೆ ಅತ್ತೆ. ಅರ್ಧ ಗಂಟೆ ಯಾರಿಗೂ ಹೇಳ್ಬೇಕಾಗಿಲ್ಲ.’ ತೊದಲದೇ ಹೇಳಿದ. ನನ್ನ ಹತ್ರ ಅವನಿಗೆ ತೊದಲು ಬಿಟ್ಟುಹೋಗಿ ಎಷ್ಟೋ ವರ್ಷ ಆಗಿತ್ತು.”

ನೆಲ್ಡಾ ಕೈಯಲ್ಲಿದ್ದ ಹಾಳೆಯನ್ನು ಮಡಿಸಿದಳು, ಬಿಡಿಸಿದಳು. “ಅಪ್ಪನ ಮೇಲೆ ಕೋಪ ಇದ್ಯಾ ನಿಮಗೆ?”

“ಇತ್ತು. ಬುಧವಾರದವರೆಗೆ ಇರ್ತಿತ್ತು. ಗುರುವಾರ ಬೇಲಿ ಹತ್ರ ಕಂಡರೆ, ಬಂದನಲ್ಲ ಅನ್ನಿಸೋದು.” ಮುದುಕಿ ಕೋಲು ಊರಿ ಏಳಲು ನೋಡಿದಳು, ಚಿಕ್ಕ ಕುರ್ಚಿ ಅವಳ ಜೊತೆಗೇ ಎದ್ದಿತು. ನೆಲ್ಡಾ ಅದನ್ನು ಬಿಡಿಸಿದಳು. “ಹೇಳು ಅಂತ ನಿನಗೆ ಹೇಳಿದ್ದಲ್ಲ. ಮಸಿ ಬಳಿದದ್ದು ನೋಡಿ ಹೊಟ್ಟೆ ಉರೀತು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಕೂತಿರ್ತೀನಿ.”

ಅವಳು ಹೋದ ಮೇಲೆ ನೆಲ್ಡಾ ತಮ್ಮನನ್ನು ಕರೆದು ಬಾಗಿಲು ಹಾಕಿದಳು.

“ಕೆಳಮನೆ ನೀರಿನ ವಿಷಯ ನಿನಗೆ ಗೊತ್ತಿತ್ತಾ?”

ರೂಲನ್ ಗೋಡೆಗೆ ಒರಗಿದ. ಐವತ್ತನಾಲ್ಕರ ಗಟ್ಟಿ ಆಳು. ಟೋಪಿ ಕೂರುವಲ್ಲಿ ಹಣೆ ಬಿಳಿ, ಕೆಳಗೆ ಇಟ್ಟಿಗೆ ಕೆಂಪು.

“ಗೊತ್ತಿಲ್ಲದೆ ಏನಕ್ಕ. ಗುರುವಾರ ಹೊಲದ ಕೊನೇಲಿ ನಿಂತು ನೀರು ಕಾಯ್ತಿದ್ದೋನು ನಾನು. ಮೂರು ಗಂಟೆಗೆ ಬರಬೇಕಾದ ನೀರು ಮೂರೂವರೆವರೆಗೂ ಸಣ್ಣಗೆ ತೆವಳ್ತಾ ಬರೋದು. ಏನಪ್ಪಾ ಅಂದ್ರೆ, ಮೇಲೆ ಎಲ್ಲೋ ಹೆಗ್ಗಣದ ಬಿಲ ಅಂತಿದ್ದ. ನಲವತ್ತು ವರ್ಷ ಒಂದೇ ಹೆಗ್ಗಣ, ಗುರುವಾರ ಮಾತ್ರ.”

“ಮತ್ತೆ ಸುಮ್ಮನಿದ್ದೆ?”

“ಅಪ್ಪ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ಈಗ್ಯಾಕೆ ಅದು?”

“ನಾನದನ್ನ ಹೇಳ್ತೀನಿ. ಒಳಗೆ.”

“ಬೇಡ.” ರೂಲನ್ ದನಿ ಏರಿಸಲಿಲ್ಲ. “ಅಪ್ಪನೇ ಹೇಳಲಿಲ್ಲ, ನೀನ್ಯಾರು ಹೇಳೋಕೆ? ವರ್ಷಕ್ಕೆ ಎರಡು ಸಲ ಬರೋಳು. ನಾಳೆ ಬೆಳಗ್ಗೆ ನೀನು ಆಗ್ಡೆನ್‌ಗೆ ಹೋಗ್ತೀಯ. ಕಾಲುವೆ ಹತ್ರ ಮುಖ ತೋರಿಸ್ಬೇಕಾದೋನು ನಾನು. ಅಜ್ಜನ್ನ ಕಳ್ಳ ಅಂದಂಗಾಗುತ್ತೆ. ನೀರು ಅರ್ಧ ಬಿಡು ಅಂತ ಯಾರಾದ್ರೂ ಎದ್ದು ನಿಂತ್ರೆ ನನ್ನ ಕೆಳಗಿನ ಮೇವಿನ ಹೊಲ ಒಣಗಿಹೋಗುತ್ತೆ. ಆಗ ಏನ್ ಮಾಡ್ಲಿ, ಪಾಠ ಹೇಳ್ಕೊಡ್ಲಾ?”

“ಅವರಿಗೆ ಹನ್ನೆರಡು ಎಕರೆ ಇತ್ತಂತೆ ರೂಲನ್.”

“ಅದನ್ನ ಕಳೆದವನು ನಾನಲ್ಲ.”

“ನಾನೂ ಅಲ್ಲ. ಅಪ್ಪನೂ ಅಲ್ಲ.”

ಬಾಗಿಲು ತಟ್ಟಿದ ಸದ್ದು. ಬಿಷಪ್ ತಲೆ ಹಾಕಿ, ಮನೆಯವರ ಪ್ರಾರ್ಥನೆಗೆ ಹೊತ್ತಾಯಿತು, ಪೆಟ್ಟಿಗೆ ಮುಚ್ಚಬೇಕು ಎಂದರು.

ಮನೆಯವರ ಪ್ರಾರ್ಥನೆ ಎಂದರೆ ರಕ್ತಸಂಬಂಧದವರಷ್ಟೇ ಪೆಟ್ಟಿಗೆಯ ಸುತ್ತ ನಿಲ್ಲುವುದು. ಉಳಿದವರು ಅದಕ್ಕೆ ಮುಂಚೆ ಪ್ರಾರ್ಥನಾ ಮಂದಿರಕ್ಕೆ ಹೋಗಿ ಕೂತಿರುತ್ತಾರೆ. ನೆಲ್ಡಾ ಆ ಕೋಣೆಗೆ ಹೋಗಲಿಲ್ಲ. ಮಂದಿರದೊಳಗೆ ನಡೆದು, ಹಿಂದಿನ ಬೆಂಚಿನಲ್ಲಿ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಟೊಮಿನಾಳ ಮುಂದೆ ನಿಂತಳು.

“ಏಳಿ ಅಜ್ಜಿ. ಎಲ್ಲರೂ ನಿಮಗೆ ಕಾಯ್ತಿದಾರೆ.”

“ಯಾರು ಕಾಯ್ತಿದಾರೆ?”

“ನಾನು ಕಾಯ್ತಿದೀನಿ.”

ಟೊಮಿನಾ ಅವಳ ಮುಖ ನೋಡಿದಳು. ಆಮೇಲೆ ಕೈ ಕೊಟ್ಟಳು.

ಪ್ರಾರ್ಥನೆ ಮುಗಿದು ಪೆಟ್ಟಿಗೆಯ ಮುಚ್ಚಳ ಇಳಿಯಿತು. ಟೊಮಿನಾ ಬಾಗಿಲಲ್ಲಿ ಕಂಡಾಗ ರೂಲನ್ ಸ್ವಲ್ಪ ಸರಿದು ಜಾಗ ಬಿಟ್ಟಿದ್ದ, ಅಷ್ಟೇ. ಪೆಟ್ಟಿಗೆಯ ಹಿಂದೆ ಮನೆಯವರು ಮಂದಿರ ಪ್ರವೇಶಿಸುವಾಗ ಕೂತವರೆಲ್ಲ ಎದ್ದು ನಿಂತರು. ಸಾಮಾನ್ಯವಾಗಿ ಒಂದು ನಿಮಿಷದ ಕೆಲಸ. ಟೊಮಿನಾಳ ಕೋಲು ನೆಲದ ಮೇಲೆ ಒಂದೊಂದೇ ಸಲ ಊರುತ್ತ ಬಂತು. ನೆಲ್ಡಾ ಅವಳ ನಡಿಗೆಗೆ ತನ್ನ ನಡಿಗೆ ಹೊಂದಿಸಿದಳು, ಹಿಂದಿನವರೆಲ್ಲ ನಿಧಾನಿಸಬೇಕಾಯಿತು. ಆರ್ಗನ್ ನುಡಿಸುತ್ತಿದ್ದವಳು ಹಾಡು ಮುಗಿಸಿ, ತಿರುಗಿ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದಳು. ಯಾರೂ ಕೂರಲಿಲ್ಲ. ಎಪ್ಪತ್ತು ದಾಟಿದವರು ಕೆಲವರು ಟೊಮಿನಾಳನ್ನು ನೋಡದೆ ತಮ್ಮ ಬೂಟು ನೋಡಿಕೊಂಡರು.

ನೆಲ್ಡಾ ವೇದಿಕೆ ಹತ್ತಿ ಎರಡು ಪುಟವನ್ನು ಓದಿದಳು. ಹುಟ್ಟು, ಮದುವೆ, ಸೇವೆ, ಇಸವಿಗಳು. ಓದಿ ಮುಗಿಸಿ ಹಾಳೆ ಮಡಿಸಿದಳು. ಗಡಿಯಾರ ನೋಡಿದರೆ ಇನ್ನೂ ನಾಲ್ಕು ನಿಮಿಷ ಇತ್ತು.

“ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಒಂದು ಹೆಸರಿಗೆ ಮಸಿ ಹಾಕಿದ್ದೇನೆ,” ಎಂದಳು. “ಅದು ನನ್ನ ತಪ್ಪು. ಆ ಹೆಸರು ನಮ್ಮ ಮುತ್ತಜ್ಜನ ಹೆಂಡತಿ ಸಿನಾ ಬೆಕ್ ಇಟ್ಟದ್ದು. ಅವರ ಮನೆಗೆ ವಾರಕ್ಕೆ ಮೂರು ಗಂಟೆ ನೀರು ಸಲ್ಲಬೇಕಿತ್ತು. ನಮ್ಮಜ್ಜ ಅದನ್ನು ತೆಗೆದುಕೊಂಡರು. ನಮ್ಮಪ್ಪ ಅದರಲ್ಲಿ ಅರ್ಧ ಗಂಟೆ ತಿರುಗಿ ಕೊಟ್ಟರು, ಐವತ್ತೈದು ವರ್ಷ, ಒಂದು ಗುರುವಾರವೂ ತಪ್ಪಿಸದೆ. ಉಳಿದ ಎರಡೂವರೆ ಗಂಟೆ ನಾವು ಇಟ್ಟುಕೊಂಡೆವು.” ವಾಡಿಕೆಯಂತೆ ಕ್ರಿಸ್ತನ ಹೆಸರು ಹೇಳಿ, ಆಮೆನ್ ಎಂದು ಇಳಿದಳು.

ಎಲ್ಲರೂ ಆಮೆನ್ ಎನ್ನಬೇಕು. ಸ್ವಲ್ಪ ತಡವಾಗಿ ಎಂದರು.

*

ಸ್ಮಶಾನದಲ್ಲಿ ಗುಂಡಿಯ ಮುಂದೆ ಸಮರ್ಪಣೆಯ ಪ್ರಾರ್ಥನೆ ರೂಲನ್‌ನದು. ಚಿಕ್ಕದಾಗಿ, ಎಲ್ಲೂ ತಡವರಿಸದೆ ಹೇಳಿದ. ಅಕ್ಕನ ಕಡೆ ನೋಡಲಿಲ್ಲ. ಜನ ಕಾರುಗಳ ಕಡೆ ತಿರುಗಿದಾಗ ಅವನ ಟ್ರಕ್ಕು ಆಗಲೇ ಹೊರಟುಹೋಗಿತ್ತು, ಊಟಕ್ಕೂ ಬರಲಿಲ್ಲ.

ಊಟ ಚರ್ಚಿನ ಹಜಾರದಲ್ಲಿ. ಹಂದಿಮಾಂಸ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ ಲಾರೂಳ ಆಲೂಗಡ್ಡೆ, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ. ನೆಲ್ಡಾ ಟೊಮಿನಾಳ ಪಕ್ಕ ಕೂತಿದ್ದಳು. ಅವಳು ಅಂದುಕೊಂಡಂತೆ ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಕೈ ಹಿಡಿದು ಹೊಗಳಲೂ ಇಲ್ಲ. ಮುದುಕರೊಬ್ಬರು ತಟ್ಟೆ ಹಿಡಿದು ಹೋಗುವಾಗ ಅವಳ ಕುರ್ಚಿಯ ಹತ್ತಿರ ನಿಂತು, “ಪೀಡರ್ ಒಳ್ಳೆ ಮನುಷ್ಯನಾಗಿದ್ದ. ನೀರಿನ ವಿಷಯ ಬಿಟ್ಟು,” ಎಂದು ಮುಂದೆ ಹೋದರು.

ಆದರೆ ಮಾತು ನಡೆದೇ ಇತ್ತು. ಮಾಂಸ ಬಡಿಸುವಷ್ಟರಲ್ಲಿ ಹಿಂದಿನ ಮೇಜಿನಲ್ಲಿ ಅರ್ಧ ಗಂಟೆ ಒಂದೂವರೆ ಗಂಟೆಯಾಗಿತ್ತು. ಜೆಲ್ಲಿ ಬರುವ ಹೊತ್ತಿಗೆ ಸತ್ತ ಲಾರ್ಸ್ ಬಿಳಿ ಬಟ್ಟೆಯಲ್ಲಿ ಕಾಲುವೆಯ ಏರಿಯ ಮೇಲೆ ನಿಂತು ಮೊಮ್ಮಗನಿಗೆ ಅಪ್ಪಣೆ ಕೊಟ್ಟಿದ್ದ.

“ಜ್ವರದಲ್ಲಿ ಸತ್ತಿದ್ನಲ್ಲ, ಆಗಲೇ ಅಜ್ಜ ಸಿಕ್ಕಿರ್ಬೇಕು ಅಲ್ಲಿ,” ಎನ್ನುತ್ತಿದ್ದಳು ಲಾರೂ. “ಕಾಲುವೆ ತೋಡ್ತಿದಾರೆ ಅಂದದ್ದು ಸುಮ್ಮನೇನಾ.”

ನೆಲ್ಡಾ ಚಮಚ ಕೆಳಗಿಟ್ಟಳು. “ತಿದ್ದಿ ಹೇಳ್ಬಾರ್ದಾ ಅಜ್ಜಿ? ನಾನು ಹೇಳಿ ಒಂದು ದಿನವೂ ಆಗಿಲ್ಲ.”

“ತಿನ್ನು, ತಣ್ಣಗಾಗುತ್ತೆ,” ಎಂದಳು ಟೊಮಿನಾ. “ಇಷ್ಟು ವರ್ಷ ಹೇಳಿದ ಕಾರಣ ಎಲ್ಲಾ ತಪ್ಪು. ಹೆಸರು ಸರಿಯಾಗೇ ಇತ್ತಲ್ಲ.”

ಪಾತ್ರೆ ತೊಳೆದು, ಮಿಕ್ಕ ಆಲೂಗಡ್ಡೆಯನ್ನು ಡಬ್ಬಿಗೆ ಹಾಕಿಸಿಕೊಂಡು ನೆಲ್ಡಾ ಮುದುಕಿಯನ್ನು ಕಾರಿನಲ್ಲಿ ಕೂರಿಸಿಕೊಂಡಾಗ ನಾಲ್ಕು ಗಂಟೆ ಹತ್ತಿರವಾಗಿತ್ತು. ಅಂದು ಗುರುವಾರ ಎನ್ನುವುದು ಇಬ್ಬರಿಗೂ ನೆನಪಿತ್ತು.

ಕೆಳಮನೆಯ ತಿರುವಿನಲ್ಲಿ ರೂಲನ್‌ನ ಟ್ರಕ್ಕು ನಿಂತಿತ್ತು. ಸಾವಿಗೆ ಹಾಕಿಕೊಂಡಿದ್ದ ಕೋಟು ಬೇಲಿಯ ಗೂಟದ ಮೇಲೆ. ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಬಿಳಿ ಅಂಗಿಯಲ್ಲಿ ಅವನು ತೂಬಿನ ಪಕ್ಕ ಸಲಿಕೆಗೆ ಒರಗಿ ನಿಂತಿದ್ದ. ಮೂರೂವರೆ ದಾಟಿದ್ದರೂ ಹಲಗೆ ಇನ್ನೂ ಮೇಲೇ ಇತ್ತು. ನೀರು ತೋಟಕ್ಕೆ ಇಳಿದು ಎಷ್ಟು ಹೊತ್ತಾಗಿತ್ತೋ, ಮೊದಲ ಸಾಲುಗಳು ತುಂಬಿ ಹೊಳೆಯುತ್ತಿದ್ದವು.

ಟೊಮಿನಾ ಕಾರಿನ ಬಾಗಿಲು ತೆರೆದವಳೇ ಕೋಲು ಬಿಟ್ಟು, ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು ಅವಸರವಾಗಿ ನಡೆದಳು. ಕಪ್ಪು ಉಡುಗೆಯ ಅಂಚು ಕೆಸರಿಗೆ ತಾಗಿತು.

“ಓಡ್ಬೇಡಿ, ಬೀಳ್ತೀರ,” ಎಂದು ಕೂಗಿದ ರೂಲನ್. “ನೀರು ಎಲ್ಲೂ ಹೋಗಲ್ಲ.”

ನೆಲ್ಡಾ ಅವನ ಹತ್ತಿರ ಹೋಗಿ ನಿಂತಳು.

“ನಾನೇನೂ ಒಪ್ಪಿಲ್ಲ,” ಎಂದ ಅವನು, ನೀರನ್ನೇ ನೋಡುತ್ತ. “ಇವತ್ತು ಅಪ್ಪನ ದಿನ. ಅದಕ್ಕೆ.”

“ಮುಂದಿನ ಗುರುವಾರ?”

“ಮುಂದಿನ ಗುರುವಾರದ್ದು ಮುಂದಿನ ಗುರುವಾರ.”

“ಆಲೂಗಡ್ಡೆ ತಂದಿದೀನಿ.”

“ಕಾರಿನಲ್ಲೇ ಇರ್ಲಿ. ಕೈ ಕೆಸರಾಗಿದೆ.”

ಟೊಮಿನಾ ಈರುಳ್ಳಿ ಸಾಲಿನಿಂದ ಬಟಾಣಿಗೆ, ಬಟಾಣಿಯಿಂದ ಹುರುಳಿಕಾಯಿಗೆ ಏರಿ ಕಡಿದು ಕಡಿದು ನೀರು ತಿರುಗಿಸಿದಳು. ಕೈ ಚುರುಕಾಗಿ ಓಡುತ್ತಿತ್ತು. ಕೊನೆಯ ಹುರುಳಿಕಾಯಿ ಸಾಲೂ ತುಂಬಿತು. ಅಲ್ಲಿಂದಾಚೆಗೆ ಹಿಂದಿನ ಬೇಲಿಯವರೆಗೆ ಬಿರುಕುಬಿಟ್ಟ ಬೋಳು ನೆಲ. ಅಲ್ಲಿಯವರೆಗೆ ನೀರು ಎಂದೂ ಮುಟ್ಟಿರಲಿಲ್ಲವಾದ್ದರಿಂದ ಅವಳು ಅಲ್ಲಿ ಎಂದೂ ಏನೂ ಬಿತ್ತಿರಲಿಲ್ಲ. ನೀರು ಏರಿಯ ಮೇಲೆ ಒಂದು ಗಳಿಗೆ ನಿಂತು, ಉಕ್ಕಿ, ಒಣ ಹುಲ್ಲನ್ನೂ ಧೂಳನ್ನೂ ಮುಂದೆ ತಳ್ಳಿಕೊಂಡು ಆ ಕಡೆಗೆ ಹರಿಯಿತು. ಬಿರುಕುಗಳು ಗುಳುಗುಳು ಎಂದು ಕುಡಿದವು. ಟೊಮಿನಾ ಗುದ್ದಲಿ ಎತ್ತಿದಳು, ಎಲ್ಲಿಗೆ ತಿರುಗಿಸಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತಳು.